ಅಂಗಿಯ ಮೂರನೇ ಗುಂಡಿ

ಮಂಜು ಕವಿದ ಬೆಳಗಿನಲ್ಲಿ ಮರ ಅಳೆಯುವುದೆಂದರೆ ಕಣ್ಣು ಮುಚ್ಚಿಕೊಂಡು ಯಾರನ್ನೋ ತಬ್ಬಿಕೊಂಡ ಹಾಗೆಯೇ. ಟೇಪಿನ ತುದಿಯನ್ನು ಎಡಗೈಯ ಹೆಬ್ಬೆರಳಿನಿಂದ ತೊಗಟೆಗೆ ಒತ್ತಿ ಹಿಡಿದು, ಬಲಗೈಯನ್ನು ಮರದ ಬೆನ್ನಿನ ಆಚೆಗೆ ಕಳಿಸಬೇಕು. ಕೆನ್ನೆ ತೊಗಟೆಗೆ ತಾಗುತ್ತದೆ, ಮೂಗಿಗೆ ಒದ್ದೆ ಪಾಚಿಯ ವಾಸನೆ ಬಡಿಯುತ್ತದೆ, ಬಲಗೈ ಬಳಸಿಕೊಂಡು ಬಂದು ಎಡಗೈಯನ್ನು ಮುಟ್ಟುವವರೆಗೆ ಎದುರಿಗಿರುವುದು ಮರವೋ ಮನುಷ್ಯರೋ ಎಂಬುದೇ ಮರೆತುಹೋಗುತ್ತದೆ. ಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳನ್ನು ಊರಿನವರು ಟೇಪಮ್ಮ ಎಂದು ಕರೆಯುತ್ತಿದ್ದರು. ಮೂವತ್ತು ದಾಟಿ ಎರಡೇ ವರ್ಷವಾದ ಹೆಂಗಸಿಗೆ ಅಮ್ಮ ಅಂತ ಸೇರಿಸಿದ್ದು ಗೌರವಕ್ಕೇನಲ್ಲ, ಗೇಲಿಗೆ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮರಗಳಂತೂ ಅವಳನ್ನು ಏನೂ ಕರೆಯುತ್ತಿರಲಿಲ್ಲ.

ಬೆಟ್ಟದ ಮೇಲಿನ ಕಾಡಿನಲ್ಲಿ ನಾನೂರ ಹನ್ನೆರಡು ಮರಗಳ ಕೊರಳಿಗೆ ತಗಡಿನ ಬಿಲ್ಲೆ ಕಟ್ಟಿದ್ದರು. ಬಿಲ್ಲೆಯ ಮೇಲೆ ನಂಬರು. ಇಡೀ ಕಾಡಿನ ಪರವಾಗಿ ಉತ್ತರ ಹೇಳಬೇಕಾದವು ಇವು. ವರ್ಷಕ್ಕೊಮ್ಮೆ ಇವುಗಳ ಸುತ್ತಳತೆ ತೆಗೆದುಕೊಟ್ಟರೆ, ಕಾಡು ಎಷ್ಟು ದಪ್ಪಗಾಯಿತು, ಅಷ್ಟು ದಪ್ಪಗಾಗಲು ಗಾಳಿಯಲ್ಲಿದ್ದ ಹೊಗೆಯನ್ನು ಎಷ್ಟು ನುಂಗಿತು ಎಂದು ಪಟ್ಟಣದ ಕಚೇರಿಯಲ್ಲಿ ಗುಣಿಸುತ್ತಿದ್ದರು. ಕಚೇರಿಯವರು ಅದನ್ನು ಕಾರ್ಬನ್ ಎನ್ನುತ್ತಿದ್ದರು, ಊರಿನವರು ಹೊಗೆ ಎನ್ನುತ್ತಿದ್ದರು. ಗುಣಿಸಿ ಬಂದದ್ದು ಒಂದು ಕಾಗದವಾಗುತ್ತಿತ್ತು, ಆ ಕಾಗದ ನದಿಯಾಚೆಯ ಸಿಮೆಂಟ್ ಕಾರ್ಖಾನೆಗೆ ಹೋಗುತ್ತಿತ್ತು. ಕಾಡು ಎಷ್ಟು ನುಂಗಿದೆಯೋ ಅಷ್ಟು ಹೊಗೆಯನ್ನು ಕಾರ್ಖಾನೆ ಬಿಡಬಹುದು, ಬಿಟ್ಟರೂ ಬಿಟ್ಟಿಲ್ಲವೆಂದೇ ಲೆಕ್ಕ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ! ಊರಿನವರೂ ಮೊದಲು ಕೇಳಿದಾಗ ಹೌದಲ್ಲವೇ ಎಂದು ತಲೆಯಾಡಿಸಿದ್ದರು. ಅದಾದ ಮೇಲೆ ಮೇಲಿನ ಕಾಡಿಗೆ ಬೇಲಿ ಬಿತ್ತು. ಅದಕ್ಕೆ ಮುಚ್ಚಿದ ಕಾಡು ಎಂದು ಹೆಸರಾಯಿತು, ಅಲ್ಲಿಂದ ಒಂದು ಪುರಳೆ ಕಡ್ಡಿಯನ್ನೂ ಯಾರೂ ತರುವ ಹಾಗಿಲ್ಲ.

ಅವಳಿಗಿಂತ ಮುಂಚೆ ಹನ್ನೊಂದು ವರ್ಷ ಈ ಮರಗಳನ್ನು ಅಳೆದವನು ಅವಳ ಸೋದರಮಾವ. ಆಳು ಎತ್ತರವೆಂದರೆ ಎತ್ತರ, ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಬಯಲಲ್ಲಿ ನಡೆಯುವಾಗಲೂ ಸ್ವಲ್ಪ ಬಗ್ಗಿಯೇ ಇರುತ್ತಿದ್ದ. ಮಂಡಿ ಕೈಕೊಟ್ಟ ವರ್ಷ ಟೇಪನ್ನು ಸೊಸೆಗೆ ದಾಟಿಸಿದ. ದಾಟಿಸುವಾಗ ಹೇಳಿಕೊಟ್ಟ ಪಾಠ ಒಂದೇ.

“ಟೇಪು ಯಾವಾಗ್ಲೂ ಅಂಗಿಯ ಮೂರನೇ ಗುಂಡಿ ಮಟ್ಟಕ್ಕೆ ಇರ್ಬೇಕು. ಒಂದು ಬೆರಳು ಮೇಲೂ ಬೇಡ, ಕೆಳಗೂ ಬೇಡ. ಎದೆ ಮಟ್ಟ ಅಂದ್ರೆ ಅದೇ.”

ಕಚೇರಿಯ ನಿಯಮ ನೆಲದಿಂದ ನೂರಮೂವತ್ತು ಸೆಂಟಿಮೀಟರ್ ಎತ್ತರದಲ್ಲಿ ಅಳೆಯಬೇಕು ಎನ್ನುತ್ತಿತ್ತು. ಮಾವ ಕೆಲಸಕ್ಕೆ ಸೇರಿದ ದಿನ ಆಗಿನ ಅಧಿಕಾರಿ ಅವನನ್ನು ನೆಟ್ಟಗೆ ನಿಲ್ಲಿಸಿ ಎದೆಗೆ ಕೋಲು ಹಿಡಿದು ನೋಡಿದ್ದ. ನೂರಮೂವತ್ತು ಅನ್ನುವುದು ಸರಿಯಾಗಿ ಮೂರನೇ ಗುಂಡಿಗೆ ಬಂದಿತ್ತು. “ನಿನಗೆ ಕೋಲು ಯಾಕಯ್ಯ, ನೀನೇ ಕೋಲು” ಎಂದು ನಕ್ಕು ಅಧಿಕಾರಿ ಕೋಲನ್ನು ಜೀಪಿಗೆ ಹಾಕಿಕೊಂಡು ಹೊರಟುಹೋಗಿದ್ದ. ಮರಕ್ಕೆ ಬಣ್ಣದ ಗೆರೆ ಎಳೆಯೋಣವೆಂದರೆ ಅದಕ್ಕೂ ಅಡ್ಡಿ, ಕಾರ್ಖಾನೆಯವರು ತೆಗೆಯುವ ಫೋಟೋದಲ್ಲಿ ಕಾಡು ಕಾಡಿನಂತೆಯೇ ಕಾಣಬೇಕಂತೆ. ಹಾಗಾಗಿ ಹನ್ನೊಂದು ವರ್ಷ ಮೂರನೇ ಗುಂಡಿಯೇ ಕಾಡಿನ ಕಾನೂನಾಗಿತ್ತು. ಮಾವ ಆ ಕೋಲಿನ ಕಥೆಯನ್ನು ಎಂದೋ ಮರೆತಿದ್ದ, ಗುಂಡಿಯೊಂದೇ ನೆನಪಿನಲ್ಲಿ ಉಳಿದಿತ್ತು.

ಟೇಪಮ್ಮ ಮಾವನ ಮಾತನ್ನು ಅಕ್ಷರಶಃ ಪಾಲಿಸಿದಳು. ಕಚೇರಿ ಕೊಟ್ಟ ಅಂಗಿಯ ಮೂರನೇ ಗುಂಡಿಯ ಮಟ್ಟಕ್ಕೆ ಟೇಪು ಹಿಡಿದಳು. ಮೊದಲ ವರ್ಷವೇ ಮರಗಳೆಲ್ಲ ಬೆರಳಗಲ ಬೆಳೆಯುವ ಬದಲು ಮೂರು ಮೂರು ಬೆರಳು ದಪ್ಪಗಾಗಿದ್ದವು. ಕಚೇರಿಯಲ್ಲಿ ಸಂಭ್ರಮವೋ ಸಂಭ್ರಮ. ಕ್ಯಾಮರಾ ಹಿಡಿದುಕೊಂಡು ಬಂದರು, ಮರದ ಪಕ್ಕ ಅವಳನ್ನು ನಿಲ್ಲಿಸಿ ನಗು ಅಂದರು. ಹೊಸ ಕೈಯ ಗುಣ ಎಂದು ಊರಿನವರು ಬೆನ್ನು ತಟ್ಟಿದರು. ಆ ವರ್ಷದ ಕಾಗದದ ಬಲದ ಮೇಲೆ ನದಿಯಾಚೆ ಎರಡನೇ ಕುಲುಮೆಗೆ ಬೆಂಕಿ ಬಿತ್ತು, ಒಂದಿದ್ದ ಚಿಮಣಿ ಎರಡಾಯಿತು.

ನಾಲ್ಕನೇ ವರ್ಷ ಮಾವನ ಮಂಡಿಗೆ ಆಪರೇಷನ್ ಆಯಿತು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಕಾಡು ನೋಡಬೇಕು ಎಂದು ಹಟ ಹಿಡಿದು ಅವಳ ಜೊತೆ ಹೊರಟ. ದಾರಿಯುದ್ದಕ್ಕೂ ಮಂಜು. ಎದುರಿಗಿರುವ ಮರ ಎರಡು ಹೆಜ್ಜೆ ಹತ್ತಿರ ಹೋದಾಗ ಮಾತ್ರ ಎಚ್ಚರವಾಗಿ ಎದ್ದು ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಮಲಗಿಬಿಡುತ್ತಿತ್ತು. ಮಾವ ಒಂದೊಂದು ಬಿಲ್ಲೆಯನ್ನೂ ಕೈಯಲ್ಲಿ ಹಿಡಿದು ನಂಬರು ಓದಿ, “ಹೇಗಿದ್ದೀಯಪ್ಪಾ” ಎಂದು ವಿಚಾರಿಸಿಕೊಳ್ಳುತ್ತಿದ್ದ. ಟೇಪಮ್ಮನಿಗೆ ತಾನು ಇನ್ನೂ ಹಾಸಿಗೆಯಲ್ಲೇ ಇದ್ದೇನೇನೋ, ಇದೆಲ್ಲ ಬೆಳಗಿನ ಜಾವದ ಕನಸೇನೋ ಅನ್ನಿಸುತ್ತಿತ್ತು.

ಇನ್ನೂರ ಏಳನೇ ಮರದ ಹತ್ತಿರ ಮಾವ, “ಇದೊಂದನ್ನ ನಾನೂ ಹಿಡೀತೀನಿ, ಕೈ ತುರಿಸ್ತಾ ಇದೆ” ಎಂದ. ಆ ಮರ ದೊಡ್ಡದು, ಒಬ್ಬರ ತೋಳಿಗೆ ದಕ್ಕುವುದು ಕಷ್ಟ. ಅವಳು ಈ ಕಡೆ ನಿಂತಳು, ಅವನು ಆ ಕಡೆ. ನಡುವೆ ಮರ, ಸುತ್ತ ಮಂಜು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅವಳು ಟೇಪನ್ನು ಬಳಸಿ ಕಳಿಸಿದಳು. ಮಾವನ ಕೈ ಅದನ್ನು ಹಿಡಿಯಲಿಲ್ಲ.

“ಎಲ್ಲೇ ಟೇಪು?”

“ಕೊಟ್ಟೆನಲ್ಲ ಮಾವ, ಗುಂಡಿ ಮಟ್ಟಕ್ಕೇ ಇದೆ.”

“ನಾನೂ ಗುಂಡಿ ಮಟ್ಟಕ್ಕೇ ಕೈ ಇಟ್ಕೊಂಡಿದೀನಿ. ಇಲ್ಲಿ ಏನೂ ಬಂದಿಲ್ಲ.”

ಅವಳು ಸುತ್ತು ಹಾಕಿ ಆ ಕಡೆ ಹೋದಳು. ಮಾವನ ದೊಡ್ಡ ಅಂಗೈ ತೊಗಟೆಯ ಮೇಲೆ ಅವನ ಮೂರನೇ ಗುಂಡಿಯ ನೇರಕ್ಕೆ ಅಂಟಿಕೊಂಡಿತ್ತು. ಅವಳ ಟೇಪು ಅದಕ್ಕಿಂತ ಒಂದು ಗೇಣು ಕೆಳಗೆ ಬಿದ್ದುಕೊಂಡಿತ್ತು. ಇಬ್ಬರೂ ಅದನ್ನು ನೋಡಿದರು. ಮಾವನಿಗೆ ಮೊದಲು ನಗು ಬಂತು. ಸೊಸೆ ತನ್ನ ಹೆಗಲಿಗೂ ಬರುವುದಿಲ್ಲ ಎಂಬುದು ಅವನಿಗೆ ಎಂದಿನಿಂದಲೋ ಗೊತ್ತಿದ್ದ ವಿಷಯ, ಆದರೆ ಅದನ್ನು ಮರಕ್ಕೆ ಒರಗಿಸಿ ನೋಡಿರಲಿಲ್ಲ. ಆಮೇಲೆ ಅವನ ಮುಖ ಇಳಿಯಿತು. ಮರ ಬುಡದ ಕಡೆಗೆ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ಒಂದು ಗೇಣು ಕೆಳಗೆ ಅಳೆದರೆ ಯಾವ ಮರವಾದರೂ ಒಂದೇ ದಿನಕ್ಕೆ ಎರಡು ಬೆರಳು ಬೆಳೆದುಬಿಡುತ್ತದೆ.

“ಹಾಗಾದ್ರೆ ಮೊದಲ ವರ್ಷ ಕಾಡು ಬೆಳೆದೇ ಇಲ್ಲ” ಎಂದಳು ಟೇಪಮ್ಮ.

“ಬೆಳೆದಿದೆ, ಎಂದಿನ ಹಾಗೆ. ಉಳಿದದ್ದು ನೀನು ಕುಳ್ಳಿ ಆಗಿದ್ದಕ್ಕೆ” ಎಂದ ಮಾವ. ಬೇರೆ ದಿನವಾಗಿದ್ದರೆ ಅದು ತಮಾಷೆಯ ಮಾತೇ. ಎಂದೋ ಮರೆತಿದ್ದ ಕೋಲು ಈಗ ಅವನಿಗೆ ನೆನಪಾಗಿತ್ತು. “ತಪ್ಪು ನಂದು ಕಣೇ. ನಿನಗೆ ಕೋಲು ಕೊಡೋ ಬದಲು ಗುಂಡಿ ಕೊಟ್ಟೆ.”

ಬೆಟ್ಟ ಇಳಿಯುವಾಗ ಮಾವ ಇನ್ನೊಂದು ಮಾತನ್ನು ನೆನಪಿಸಿದ. ಮುಚ್ಚಿದ ಕಾಡಿನ ಒಪ್ಪಂದದಲ್ಲಿ ಊರಿನವರು ಓದದೆ ಸಹಿ ಹಾಕಿದ ಒಂದು ಸಾಲಿತ್ತು. ಕಾಡಿನ ಲೆಕ್ಕದಲ್ಲಿ ಕೊರತೆ ಬಿದ್ದರೆ, ಅದನ್ನು ತುಂಬಿಕೊಡಲು ಊರಿನ ಪಕ್ಕದ ಕೆಳಗಿನ ಇಳಿಜಾರನ್ನೂ ನಲವತ್ತು ವರ್ಷ ಮುಚ್ಚಬಹುದು. ಆ ಇಳಿಜಾರಿನ ಒಣಕಟ್ಟಿಗೆಯಿಂದಲೇ ಟೇಪಮ್ಮನ ಅಕ್ಕನ ಒಲೆ ಉರಿಯುತ್ತಿದ್ದದ್ದು. ಅಕ್ಕ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕುದಿಸಿ ಒಗೆದು ಕೊಡುವವಳು. ಅಜ್ಜಿ ಶುರುಮಾಡಿದ ಕೆಲಸ, ಅಮ್ಮನ ಕೈ ದಾಟಿ ಅಕ್ಕನಿಗೆ ಬಂದಿತ್ತು, ಈಗ ಅವಳ ಜೊತೆ ಇನ್ನೂ ಎಂಟು ಹೆಂಗಸರು ಅದರಲ್ಲೇ ಬದುಕುತ್ತಿದ್ದರು. ಟೇಪಮ್ಮ ನಿಜ ಹೇಳಿದರೆ ಅಕ್ಕನ ಹಂಡೆಯ ಕೆಳಗೆ ಬೆಂಕಿ ಇರುವುದಿಲ್ಲ. ಹೇಳದಿದ್ದರೆ ಯಾವ ಮರವೂ ನುಂಗದ ಹೊಗೆಯನ್ನು ನುಂಗಿದ್ದೇನೆಂದು ಕಾಡು ಸುಳ್ಳು ಹೇಳುತ್ತಲೇ ಇರಬೇಕು.

ಅವಳು ಮರುದಿನವೇ ನೂರಮೂವತ್ತು ಸೆಂಟಿಮೀಟರಿನ ಒಂದು ಕೋಲು ಕಡಿದುಕೊಂಡು, ನಾನೂರ ಹನ್ನೆರಡು ಮರಗಳನ್ನೂ ಮತ್ತೆ ಅಳೆಯಲು ಹೊರಟಳು. ದಪ್ಪ ಮರಗಳಿಗೆ ಆ ಎತ್ತರದಲ್ಲಿ ಕೈ ಬಳಸಲಾಗದಿದ್ದಾಗ ಕಲ್ಲಿನ ಮೇಲೆ ನಿಂತು ಅಳೆದಳು. ಒಂದೊಂದು ಮರವೂ ಎರಡು ಬೆರಳು ಸಣ್ಣಗಾಗುತ್ತಾ ಬಂತು. ಪುಸ್ತಕದಲ್ಲಿ ಬರೆಯುವಾಗ ಮರಗಳ ಮುಂದೆ ನಾಚಿಕೆಯಾಗುತ್ತಿತ್ತು, ಅವುಗಳಿಗೆ ಇಲ್ಲದ ಹೊಟ್ಟೆಯನ್ನು ಅವಳೇ ಕಟ್ಟಿದ್ದಳಲ್ಲ.

ಏಳನೇ ದಿನ ಮಧ್ಯಾಹ್ನ ಒಂದು ಮರಕ್ಕೆ ಒರಗಿ ಕೂತಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ನದಿಯಾಚೆಯಿಂದ ಹೊಗೆ ನಡೆದುಕೊಂಡು ಬಂತು. ಅವಸರವೇನೂ ಇರಲಿಲ್ಲ ಅದಕ್ಕೆ, ಮನೆ ಹುಡುಕುವವರ ಹಾಗೆ ಒಂದೊಂದು ಮರದ ಮುಂದೆಯೂ ನಿಂತು ಬಿಲ್ಲೆ ಓದುತ್ತಿತ್ತು. “ನನ್ನನ್ನ ನುಂಗಿದ್ದು ನೀವೇನಾ?” ಎಂದು ಕೇಳುತ್ತಿತ್ತು. ಮರ ತನ್ನ ಕೊರಳ ಬಿಲ್ಲೆಯನ್ನು ತಿರುಗಿಸಿ ನೋಡಿಕೊಂಡು, “ಬರೆದಿದೆ, ಆದ್ರೆ ನಾನಲ್ಲ” ಎನ್ನುತ್ತಿತ್ತು. ಹೊಗೆ ಮುಂದಿನ ಮರಕ್ಕೆ ಹೋಗುತ್ತಿತ್ತು. ನಾನೂರ ಹನ್ನೆರಡೂ ಮುಗಿದ ಮೇಲೆ ಅದು ಅವಳ ಮುಂದೆ ಬಂದು ಕೂತಿತು. ಬೈಯಲಿಲ್ಲ, ಏನೂ ಇಲ್ಲ. ದಣಿದಿತ್ತು ಅಷ್ಟೇ. “ನಾನು ಎಲ್ಲಿಗೆ ಹೋಗ್ಲಿ?” ಎಂದು ಕೇಳಿತು. ಎಚ್ಚರವಾದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ಬಿಸಿಲು ಎಲೆಗಳ ನಡುವೆ ಮೆಲ್ಲಗೆ ಜಾಗ ಬದಲಾಯಿಸುತ್ತಿತ್ತು. ಅವಳು ಮೂಗು ಒರೆಸಿಕೊಂಡು ಮುಂದಿನ ಮರಕ್ಕೆ ಹೋದಳು.

ಹತ್ತೊಂಬತ್ತು ದಿನಕ್ಕೆ ಅಳತೆ ಮುಗಿಯಿತು. ಇಪ್ಪತ್ತನೆಯ ದಿನ ಅಕ್ಕನ ಅಂಗಳಕ್ಕೆ ಹೋದಳು. ಸಾಲು ಸಾಲು ಬಿಳಿ ಹೊದಿಕೆಗಳು ಒಣಗುತ್ತಿದ್ದವು, ಹಂಡೆಗಳಿಂದ ಹಬೆ ಏಳುತ್ತಿತ್ತು, ಹಬೆಯೊಳಗೆ ಹೆಂಗಸರ ಮಾತು ಮಾತ್ರ ಕೇಳುತ್ತಿತ್ತು. ಅಕ್ಕ ಒಣಗಿದ ಹೊದಿಕೆಯೊಂದನ್ನು ಎಳೆದುಕೊಂಡು ನಿಂತಿದ್ದಳು.

“ಅಕ್ಕಾ, ಒಂದು ತಪ್ಪಾಗಿದೆ.”

“ಯಾರದು?”

“ನಂದು.”

“ಹಾಗಾದ್ರೆ ಮೊದ್ಲು ಈ ತುದಿ ಹಿಡ್ಕೊ, ಆಮೇಲೆ ಹೇಳು.”

ಹೊದಿಕೆ ಮಡಿಸುವುದು ಇಬ್ಬರ ಕೆಲಸ. ದೂರ ನಿಂತು ಕೊಡವಬೇಕು, ಹತ್ತಿರ ಬಂದು ತುದಿ ಸೇರಿಸಬೇಕು, ಮತ್ತೆ ದೂರ ಹೋಗಬೇಕು. ದೂರವಿದ್ದಾಗ ಟೇಪಮ್ಮ ಹೇಳಿದಳು, ಹತ್ತಿರ ಬಂದಾಗ ಅಕ್ಕ ಕೇಳಿದಳು. ಮೂರನೇ ಹೊದಿಕೆ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಹೇಳಿ ಆಗಿತ್ತು.

“ಇದು ಯಾರ್ಯಾರಿಗೆ ಗೊತ್ತು?” ಎಂದಳು ಅಕ್ಕ.

“ನನಗೆ, ಮಾವನಿಗೆ. ಈಗ ನಿನಗೆ.”

“ಮರಕ್ಕೆ ಬಾಯಿಲ್ಲ. ಮಾವ ಬಾಯಿ ಬಿಡಲ್ಲ. ನಾನಂತೂ ಮೊದಲೇ ಬಿಡಲ್ಲ. ಉಳಿದವಳು ನೀನೊಬ್ಬಳು.”

“ಆ ಎರಡನೇ ಕುಲುಮೆ ಉರೀತಿರೋದು ನನ್ನ ಅಳತೆ ಮೇಲೆ ಅಕ್ಕ. ಇಲ್ಲದ್ದನ್ನ ಇದೆ ಅಂತ ತೋರಿಸಿ ಹಚ್ಚಿದ ಬೆಂಕಿ ಅದು.”

“ಅವರ ಬೆಂಕಿ ಆರಿಸೋಕೆ ನನ್ನ ಒಲೆಗೆ ನೀರು ಹುಯ್ತೀಯಾ?”

“ಅವರ ಬೆಂಕಿ ಆರುತ್ತೆ ಅಂತಾನೂ ನನಗೆ ನಂಬಿಕೆ ಇಲ್ಲ” ಎಂದಳು ತಂಗಿ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಅದೇ ಅವಳ ಕರ್ಮ.

ಅಕ್ಕ ಅವಳ ಕೈಯಿಂದ ಹೊದಿಕೆಯ ತುದಿಯನ್ನು ಕಿತ್ತುಕೊಂಡಳು. “ಆಸ್ಪತ್ರೆಯವರಿಗೆ ನಾಳೆ ಏನು ಹೇಳ್ಲಿ? ನನ್ನ ತಂಗಿ ಕುಳ್ಳಿ, ಅದಕ್ಕೇ ಬಟ್ಟೆ ಬಂದಿಲ್ಲ ಅಂತಾನಾ? ಈ ಎಂಟು ಜನ ಏನು ಮಾಡ್ಬೇಕು? ಹೋಗು. ನಿನ್ನ ಸತ್ಯ ನೀನೇ ಕುದಿಸ್ಕೊಂಡು ಕುಡಿ.” ಅಷ್ಟು ಹೇಳಿ ಹಬೆಯೊಳಗೆ ಹೋದವಳು ತಿರುಗಿ ಬರಲಿಲ್ಲ. ಟೇಪಮ್ಮ ಬಿಳಿ ಬಟ್ಟೆಗಳ ನಡುವೆ ದಾರಿ ಮಾಡಿಕೊಂಡು ಮನೆಗೆ ಹೋದಳು.

ಪಟ್ಟಣದ ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದ ಕೂಡಲೇ ಗೋಡೆಯ ಮೇಲೆ ಅವಳದೇ ಫೋಟೋ, ಮರದ ಪಕ್ಕ ನಗುತ್ತಿರುವುದು. ಲೆಕ್ಕದ ಮೇಡಂ ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು, ಲೋಟದಲ್ಲಿ ಬಿಸಿನೀರು ಕುಡಿಯುತ್ತಾ ಕೂತಿದ್ದರು. ಕೆಟ್ಟವರೇನಲ್ಲ. ಟೇಪಮ್ಮ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಹೊಸ ಅಳತೆಯ ಪುಸ್ತಕ ತೆಗೆದುಕೊಂಡು, ಕ್ಯಾಲ್ಕುಲೇಟರ್ ಒತ್ತುತ್ತಾ ಹೋದರು. ಫ್ಯಾನು ತಿರುಗುತ್ತಿತ್ತು. ಕಾಗದಗಳ ಅಂಚು ಎಲೆಗಳ ಹಾಗೆ ಅಲುಗುತ್ತಿತ್ತು. ತುಂಬಾ ಹೊತ್ತಾದ ಮೇಲೆ ಮೇಡಂ ತಲೆ ಎತ್ತಿದರು.

“ಒಂಬತ್ತು ಸಾವಿರ ಟನ್” ಎಂದರು. “ಯಾರೂ ನುಂಗದೇ ಇರೋದು.”

“ಅದನ್ನ ಕಾರ್ಖಾನೆಯವರ ಕಾಗದದಿಂದ ಕಳೆದುಬಿಡಿ ಮೇಡಂ.”

ಮೇಡಂ ಬಿಸಿನೀರಿನ ಲೋಟ ಕೆಳಗಿಟ್ಟರು. “ಆ ಕಾಗದ ಕಾರ್ಖಾನೆಯವರ ಹತ್ರ ಇದ್ರೆ ತಾನೇ? ಅದರಲ್ಲಿ ಅರ್ಧ ಒಂದು ವಿಮಾನದ ಕಂಪನಿಗೆ ಮಾರಿದಾರೆ. ಆದ್ರೂ ಕಾರ್ಖಾನೆಯವರು ಪೂರ್ತಿ ತಮ್ಮದು ಅಂತಾನೇ ಬರ್ಕೊಂಡಿದಾರೆ. ಇದೇ ಕಾಡನ್ನ ಸರ್ಕಾರವೂ ತನ್ನ ಪುಸ್ತಕದಲ್ಲಿ ಬರೆದಿದೆ, ನಾವು ಇಷ್ಟು ಹೊಗೆ ಕಮ್ಮಿ ಮಾಡಿದ್ವಿ ಅಂತ.”

“ಒಂದೇ ಮರ ಮೂರು ಜನರ ಹೊಗೆ ಕುಡೀತಾ?”

“ಪುಸ್ತಕದಲ್ಲಿ ಕುಡೀತು.” ಮೇಡಂ ಈ ಮಾತು ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

“ಹಾಗಾದ್ರೆ ಕೊರತೆ ತುಂಬೋವರೆಗೂ ಎರಡನೇ ಕುಲುಮೆ ಆರಿಸಿ ಅಂತ ಬರೀರಿ.”

“ಅಂಥ ಕಾಲಂ ಇಲ್ಲಮ್ಮ ಇಲ್ಲಿ.” ಮೇಡಂ ನಿಜವಾಗಿಯೂ ಹುಡುಕಿ ನೋಡಿದರು, ಪುಟ ತಿರುಗಿಸಿ ತಿರುಗಿಸಿ ನೋಡಿದರು. “ಬಿಟ್ಟ ಹೊಗೆಯನ್ನ ವಾಪಸ್ ತಗೊಳ್ಳೋಕೆ ಕಾಲಂ ಇಲ್ಲ. ಹೊಸ ಮರ ಸೇರಿಸೋಕೆ ಮಾತ್ರ ಇದೆ. ನಿಮ್ಮ ಒಪ್ಪಂದದಲ್ಲಿ ಕೆಳಗಿನ ಇಳಿಜಾರು ಅಂತ ಇದೆಯಲ್ಲ, ಅದೇ.”

ಅವರು ಒಂದು ಫಾರಂ ತೆಗೆದು ಮುಂದೆ ಸರಿಸಿದರು. ಸ್ಥಳ ಚೆನ್ನಾಗಿ ಗೊತ್ತಿರುವ ಅಳತೆಗಾರರೇ ತುಂಬಿ ಸಹಿ ಹಾಕಬೇಕಾದ ಫಾರಂ. ಇಳಿಜಾರಿನ ಉದ್ದ, ಅಗಲ, ಮರಗಳ ಜಾತಿ. ಟೇಪಮ್ಮ ಒಂದೊಂದನ್ನೇ ತುಂಬಿದಳು. ನಾಲ್ಕನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಅಲ್ಲಿ ಹೀಗೆ ಅಚ್ಚಾಗಿತ್ತು: ‘ಈ ಮರಗಳಿಗೆ ಅಪಾಯ ಯಾರಿಂದ?’

“ಇದೇನು ಮೇಡಂ?”

“ಅದೇ ಮುಖ್ಯ. ಯಾರೋ ಕಡಿಯೋರಿಂದ ಉಳಿಸಿದ್ರೆ ಮಾತ್ರ ಅದು ಉಳಿಕೆ ಅಂತ ಲೆಕ್ಕಕ್ಕೆ ಬರುತ್ತೆ. ಹೇಗೂ ಉಳಿಯೋ ಮರಕ್ಕೆ ಏನೂ ಸಿಗಲ್ಲ.” ಮೇಡಂ ದನಿ ತಗ್ಗಿಸಿದರು. “ಅಲ್ಲಿ ಕಟ್ಟಿಗೆ ತರೋದು ಬಟ್ಟೆ ಒಗೆಯೋರು ಅಂತ ನಮ್ಮ ಫೈಲಲ್ಲಿದೆ. ಅವರ ಹೆಸರು ಬರೆದ್ರೆ ಸಾಕು. ಅವರಿಂದ ಇಳಿಜಾರು ಹಾಳಾಗ್ತಾ ಇತ್ತು, ಈಗ ಉಳಿಸಿದ್ವಿ ಅಂತ ಆಗುತ್ತೆ.”

ಟೇಪಮ್ಮನ ಕಣ್ಣ ಮುಂದೆ ಇಳಿಜಾರು ಬಂತು. ಅಲ್ಲಿ ಬಿಲ್ಲೆ ಇಲ್ಲದ, ಯಾರೂ ಅಳೆಯದ ಮರಗಳಿದ್ದವು. ಅಜ್ಜಿ ಬಿದ್ದ ಕೊಂಬೆಯನ್ನಷ್ಟೇ ಎತ್ತಬೇಕೆಂದು ಹೇಳಿದ್ದಳು, ಅಮ್ಮ ಹಸಿ ಕೊಂಬೆ ಮುರಿದವಳ ಕೈಗೆ ಬಡಿದಿದ್ದಳು. ಅಕ್ಕ ಪ್ರತಿ ವರ್ಷ ಮರಕ್ಕೆ ಸುತ್ತಿಕೊಂಡ ಬಳ್ಳಿಗಳನ್ನು ಬಿಡಿಸುತ್ತಿದ್ದಳು. ಮೂರು ತಲೆಮಾರಿನ ಹಂಡೆ ಕುದಿಸಿಯೂ ಆ ಇಳಿಜಾರಿನಲ್ಲಿ ಮಧ್ಯಾಹ್ನ ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಅಷ್ಟು ವರ್ಷ ಕಾದುಕೊಂಡು ಬಂದದ್ದಕ್ಕೆ ಲೆಕ್ಕದಲ್ಲಿ ಸೊನ್ನೆ. ಈಗ ಲೆಕ್ಕಕ್ಕೆ ಬರಬೇಕೆಂದರೆ ಕಾದವಳನ್ನೇ ಕಳ್ಳಿ ಮಾಡಬೇಕು. ಅವಳಿಗೆ ಸಿಟ್ಟು ಬಂತು. ಇಷ್ಟು ದಿನ ತನ್ನ ಮೇಲೆಯೇ ಇದ್ದ ಸಿಟ್ಟು, ಮೊದಲ ಬಾರಿ ಅಲ್ಲಿಂದ ಎದ್ದು ಬೇರೆ ಕಡೆ ನೋಡಿತು.

ಅವಳು ನಾಲ್ಕನೇ ಸಾಲಿನಲ್ಲಿ ‘ಯಾರಿಂದಲೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು.

ಮೇಡಂ ಓದಿದರು. ಇನ್ನೊಮ್ಮೆ ಓದಿದರು. “ಹೀಗೆ ಬರೆದ್ರೆ ಇಳಿಜಾರು ಲೆಕ್ಕಕ್ಕೆ ಬರಲ್ಲ. ಲೆಕ್ಕಕ್ಕೆ ಬರದೇ ಇರೋದನ್ನ ಮುಚ್ಚೋಕೂ ಆಗಲ್ಲ. ಗೊತ್ತಾ?”

“ಗೊತ್ತಾಯ್ತು.”

“ಆಗ ಈ ಒಂಬತ್ತು ಸಾವಿರ ಟನ್ ಎಲ್ಲಿ ಹೋಗ್ಬೇಕು?”

“ನಿಜ ಬರೆಯೋದಷ್ಟೇ ನನ್ನ ಕೆಲಸ ಮೇಡಂ. ಅಳತೆಯೂ ನಿಜ, ಇದೂ ನಿಜ.”

“ಕೊರತೆ ಅನ್ನೋದು ಎಲ್ಲಾದ್ರೂ ಒಂದು ಕಡೆ ಕೂರ್ಲೇಬೇಕಮ್ಮ” ಎಂದರು ಮೇಡಂ. ಅದು ಬೆದರಿಕೆಯಾಗಿರಲಿಲ್ಲ, ಅವರಿಗೆ ನಿಜವಾಗಿ ಬೇಸರವಾಗಿತ್ತು. ಫಾರಂ ಮೇಲೆ ಮುದ್ರೆ ಒತ್ತಿ ಟ್ರೇಗೆ ಹಾಕಿದರು.

ಅದಾದ ಮೇಲಿನ ದಿನಗಳು ಅವಳಿಗೆ ನೀರಿನೊಳಗೆ ನಡೆದ ಹಾಗೆ ಕಳೆದವು. ಅಕ್ಕನಿಗೆ ವಿಷಯ ಹೇಳಲು ಎರಡು ಸಲ ಅಂಗಳದವರೆಗೆ ಹೋದಳು. ಎರಡು ಸಲವೂ ಅಕ್ಕ ಬೆನ್ನು ತಿರುಗಿಸಿ ನಿಂತಳು. ನದಿಯಾಚೆ ಎರಡು ಚಿಮಣಿಗಳೂ ಮೊದಲಿನ ಹಾಗೆಯೇ ಇದ್ದವು. ಬೆಟ್ಟದ ಮೇಲೆ ಬೀಜಗಳು ಉದುರಿದವು, ಎಲ್ಲೆಲ್ಲೋ ಮೊಳೆತವು, ಯಾರೂ ಅವುಗಳಿಗೆ ನಂಬರು ಕೊಡಲಿಲ್ಲ. ಇಳಿಜಾರನ್ನು ಮುಚ್ಚಲು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಒಗೆಯುವ ಹೆಂಗಸರು ಒಲೆಯ ಮುಂದೆ ಕೂತು ಕಾದರು.

ಬಂದದ್ದು ಒಂದು ಪತ್ರ, ಅದೂ ನಲವತ್ಮೂರನೇ ದಿನ. ಟೇಪಮ್ಮನಿಗೆ ಒಡೆಯಲು ಧೈರ್ಯ ಬರಲಿಲ್ಲ. ಇದು ಇಳಿಜಾರಿನ ವಿಷಯ, ಇದನ್ನು ಅವರೆಲ್ಲರ ಮುಂದೆಯೇ ಓದಬೇಕು ಎಂದು ಮಾವ ಅವಳನ್ನು ಕೈಹಿಡಿದು ಅಕ್ಕನ ಅಂಗಳಕ್ಕೆ ಕರೆದುಕೊಂಡು ಹೋದ. ಹೆಂಗಸರು ಕೈ ಒರೆಸಿಕೊಂಡು ಸುತ್ತ ಸೇರಿದರು. ಅಕ್ಕ ಹಂಡೆಯ ಹತ್ತಿರವೇ ನಿಂತಳು, ಬೆಂಕಿ ಸರಿಮಾಡುವ ನೆಪದಲ್ಲಿ ಕಿವಿ ಮಾತ್ರ ಇತ್ತ ಇಟ್ಟಿದ್ದಳು. ಮಾವ ಕನ್ನಡಕ ಏರಿಸಿ ಓದಿದ.

ಕೆಳಗಿನ ಇಳಿಜಾರಿಗೆ ಯಾರಿಂದಲೂ ಅಪಾಯವಿಲ್ಲವೆಂದು ದಾಖಲಾಗಿರುವುದರಿಂದ ಅದನ್ನು ಮುಚ್ಚಲು ಅವಕಾಶವಿಲ್ಲ. ಇಷ್ಟು ಓದಿದಾಗ ಹೆಂಗಸರಲ್ಲಿ ಯಾರೋ “ಅಯ್ಯೋ ದೇವರೇ” ಎಂದು ಕೂತುಬಿಟ್ಟರು. ಅಕ್ಕನ ಕೈಯಲ್ಲಿದ್ದ ಕಟ್ಟಿಗೆ ಅಲ್ಲೇ ನಿಂತಿತು. ಮಾವ ಮುಂದೆ ಓದಿದ. ಈಗಾಗಲೇ ಬಿಟ್ಟ ಹೊಗೆಯ ಬಗ್ಗೆ ಕಾರ್ಖಾನೆಯ ಮೇಲೆ ಯಾವ ಕ್ರಮವೂ ಇಲ್ಲ. ಅಳತೆಗಾರ್ತಿಯನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಒಂಬತ್ತು ಸಾವಿರ ಟನ್ನಿನ ಕೊರತೆಗೆ ಅಳತೆಯ ತಪ್ಪೇ ಕಾರಣವಾದ್ದರಿಂದ, ಸದರಿ ಹೊಗೆಯನ್ನು ಅಳತೆಗಾರ್ತಿಯ ಹೆಸರಿನಲ್ಲಿ ದಾಖಲಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

“ಹಾಗಂದ್ರೆ ಏನು?” ಎಂದಳು ಒಬ್ಬಳು.

“ಆ ಹೊಗೆ ಎಲ್ಲಾ ಇವಳು ಬಿಟ್ಟಿದ್ದು ಅಂತ” ಎಂದ ಮಾವ.

ಟೇಪಮ್ಮ ಅಂಗಳದ ಮಧ್ಯೆ ನಿಂತಿದ್ದಳು. ಅವಳ ಹತ್ತಿರ ಸೈಕಲ್ಲೂ ಇರಲಿಲ್ಲ. ಒಂದು ಒಲೆ, ಒಂದು ದೀಪ, ತಿಂಗಳಿಗೊಮ್ಮೆ ಪಟ್ಟಣದ ಬಸ್ಸು. ಒಂದು ಇಡೀ ಕುಲುಮೆಯ ಹೊಗೆ ಈಗ ಅವಳದು. ಕೆಲಸ ಹೋದದ್ದಕ್ಕೆ ಬಾರದ ಅಳು ಇದಕ್ಕೆ ಬಂತು, ಎಷ್ಟು ತಡೆದರೂ ನಿಲ್ಲಲಿಲ್ಲ.

ಮಾವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಅವನು ಲೆಕ್ಕ ಹಾಕುವವನು. ಪತ್ರದ ಹಿಂದೆ ಪೆನ್ಸಿಲಿನಿಂದ ಗೀಚಿದ. “ನಿನ್ನ ಒಲೆ, ದೀಪ, ಬಸ್ಸು, ಎಲ್ಲಾ ಸೇರಿಸಿ ವರ್ಷಕ್ಕೆ ಒಂದು ಟನ್ ಅಂತಾನೇ ಇಟ್ಕೊ. ಇವರು ಬರೆದಿರೋದು ನಿಜ ಆಗ್ಬೇಕು ಅಂದ್ರೆ ನೀನು ಒಂಬತ್ತು ಸಾವಿರ ವರ್ಷ ಬದುಕ್ಬೇಕು ಕಣೇ” ಎಂದ. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು.

ಅಕ್ಕ ನಗಲಿಲ್ಲ. ಕಟ್ಟಿಗೆಯನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ತಂಗಿಯ ಮುಂದೆ ನಿಂತು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಈ ನಲವತ್ಮೂರು ದಿನದಲ್ಲಿ ತಂಗಿ ಎಷ್ಟು ಇಳಿದುಹೋಗಿದ್ದಾಳೆ ಎಂಬುದು ಆಗಷ್ಟೇ ಅವಳ ಕಣ್ಣಿಗೆ ಬಿತ್ತು.

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ?” ಎಂದಳು.

ಟೇಪಮ್ಮ ಇಲ್ಲವೆಂದು ತಲೆಯಾಡಿಸಿದಳು.

“ಒಂಬತ್ತು ಸಾವಿರ ವರ್ಷ ಬದುಕ್ಬೇಕಾದವಳು ಹೊತ್ತುಹೊತ್ತಿಗೆ ತಿನ್ಬೇಡ್ವೇನೇ” ಎಂದು ಬೈದು, ಅಕ್ಕ ಅವಳ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡು ಹೋದಳು.